ಸ್ನಾಯುಕ್ಷಯಕ್ಕೆ ಬೆಳಕಿನ ಮದ್ದು: ಕೆಂಪು ದೀಪ ಬೇರೆ, ನೀಲಿ ದೀಪ ಬೇರೆ

ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು ನೋಡಿ. ಟಾರ್ಚಿನಿಂದ ಹೊರಡುವುದು ಬಿಳಿ ಬೆಳಕು. ಬೆರಳುಗಳ ಸಂದಿಯಲ್ಲಿ ಹೊರಬರುವುದು ಕೆಂಡದಂಥ ಕೆಂಪು. ನೀಲಿಯನ್ನೂ ಹಸಿರನ್ನೂ ಚರ್ಮ, ರಕ್ತಗಳು ಒಳಗೇ ನುಂಗಿಬಿಟ್ಟವು, ಕೆಂಪು ಹೇಗೋ ದಾಟಿತು. ಈಗ ಅದೇ ಟಾರ್ಚನ್ನು ತೊಡೆಗೆ ಒತ್ತಿ. ಆಚೆ ಬದಿಯಲ್ಲಿ ಕತ್ತಲೆಯೇ. ಮುಂದೆ ನಾನು ಹೇಳಲಿರುವುದರಲ್ಲಿ ಅರ್ಧ ಭಾಗ ಈ ಎರಡು ನಿಮಿಷದ ಪ್ರಯೋಗದಲ್ಲೇ ಇದೆ.

ಹಳೆಯ ಸಹೋದ್ಯೋಗಿಯೊಬ್ಬರು ಈಚೆಗೆ ಒಂದು ಜಾಹೀರಾತು ಕಳುಹಿಸಿದರು. ಅವರ ಒಂಬತ್ತು ವರ್ಷದ ಮಗನಿಗೆ ಡುಶೆನ್ ಸ್ನಾಯುಕ್ಷಯ. ಜಾಹೀರಾತಿನಲ್ಲಿ ಕೆಂಪಗೆ ಹೊಳೆಯುವ ಒಂದು ಪಟ್ಟಿ, ಅದನ್ನು ಮಗುವಿನ ತೊಡೆಗೆ ಸುತ್ತಿದ ಚಿತ್ರ. ಅದರ ಕೆಳಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬೆಳಕಿನಿಂದ ಇಲಿಯ ಕಾಲಿನ ಸ್ನಾಯು ಗಂಟೆಗೂ ಮೀರಿ ದಣಿಯದೆ ಕೆಲಸ ಮಾಡಿತೆಂಬ ಸುದ್ದಿಯ ತುಣುಕು. “ನೀವು ಇಂಥದ್ದನ್ನೆಲ್ಲ ಓದುತ್ತೀರಲ್ಲ, ನೋಡಿ ಹೇಳಿ. ಕೊಳ್ಳಬಹುದೇ?” ಎಂದು ಕೇಳಿದ್ದರು.

ಸುದ್ದಿ ನಿಜ. ಪಟ್ಟಿಯೂ ನಿಜವಾದ ವಸ್ತುವೇ. ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ‘ಬೆಳಕಿನ ಚಿಕಿತ್ಸೆ’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವಿದ್ಯೆಗಳು ಇಂದು ಓಡಾಡುತ್ತಿವೆ. ಒಂದರ ಕೀರ್ತಿಯಲ್ಲಿ ಇನ್ನೊಂದು ಮಾರಾಟವಾಗುತ್ತಿದೆ. ಅವೆರಡನ್ನು ಬಿಡಿಸಿ ನೋಡಬೇಕಾದರೆ ಮೊದಲು ಕಾಯಿಲೆಯನ್ನೇ ಬಿಡಿಸಿ ನೋಡಬೇಕು.

ಬೆಳಕಿನಿಂದ ಚಿಕಿತ್ಸೆ ಎಂದರೆ ಮೂಗು ಮುರಿಯಬೇಕಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಚರ್ಮಕ್ಕೆ ತಗಲುವ ಕ್ಷಯರೋಗಕ್ಕೆ (ಟಿಬಿಗೆ) ಬೆಳಕಿನ ಚಿಕಿತ್ಸೆ ಕಂಡುಹಿಡಿದ ನೀಲ್ಸ್ ಫಿನ್ಸೆನ್‌ಗೆ 1903ರಲ್ಲೇ ನೊಬೆಲ್ ಸಿಕ್ಕಿತ್ತು. ಹುಟ್ಟಿದ ಮಗುವಿಗೆ ಕಾಮಾಲೆ ಬಂದರೆ ಇಂದು ಜಿಲ್ಲಾಸ್ಪತ್ರೆಯಲ್ಲೂ ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಬಿಲಿರುಬಿನ್ ಎಂಬ ಹಳದಿ ವಸ್ತು ಚರ್ಮದಲ್ಲೇ ಬೆಳಕನ್ನು ಹೀರಿ, ದೇಹ ಹೊರಹಾಕಬಲ್ಲ ರೂಪಕ್ಕೆ ತಿರುಗುತ್ತದೆ. ಎರಡೂ ಕಡೆ ಬೆಳಕಿಗೆ ತಲುಪಬೇಕಾದ ಜಾಗ ಚರ್ಮ, ಅಂದರೆ ಹೊಸ್ತಿಲು. ಸ್ನಾಯು ಇರುವುದು ಒಳಮನೆಯಲ್ಲಿ.

ಸ್ನಾಯು ಸೊರಗುವ ಕಾಯಿಲೆಗಳನ್ನೆಲ್ಲ ನಾವು ಒಂದೇ ಗುಂಪಿಗೆ ಸೇರಿಸಿ ಮಾತಾಡುತ್ತೇವೆ. ಹೊರಗಿನಿಂದ ನೋಡಿದರೆ ಎಲ್ಲದರಲ್ಲೂ ಕೈಕಾಲು ಸಣ್ಣಗಾಗುತ್ತದೆ, ಬಲ ಕುಂದುತ್ತದೆ. ಒಳಗೆ ಮಾತ್ರ ಕೆಟ್ಟಿರುವುದು ಬೇರೆ ಬೇರೆ. ಡುಶೆನ್ ಕಾಯಿಲೆಯಲ್ಲಿ ಮೆದುಳು, ನರ ಎರಡೂ ಸರಿಯಾಗಿ ಆಜ್ಞೆ ಕಳುಹಿಸುತ್ತವೆ. ಕೆಟ್ಟಿರುವುದು ಸ್ನಾಯುಕೋಶದ ಗೋಡೆ. ಅದನ್ನು ಒಳಗಿನಿಂದ ಹಿಡಿದಿಡುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ತಯಾರಾಗುವುದೇ ಇಲ್ಲ. ಅದರ ಸೂಚನೆ ಇರುವ ಜೀನು ಎಕ್ಸ್ ವರ್ಣತಂತುವಿನಲ್ಲಿದೆ, ಮನುಷ್ಯನ ಜೀನುಗಳಲ್ಲೇ ಅತಿ ಉದ್ದದ್ದೆಂದು ಹೆಸರಾದದ್ದು, 79 ತುಂಡುಗಳದ್ದು. ಎಕ್ಸ್ ಒಂದೇ ಇರುವ ಕಾರಣ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೆ. ಅಂದಾಜು ಮೂರೂವರೆಯಿಂದ ಐದು ಸಾವಿರ ಗಂಡು ಶಿಶುಗಳಲ್ಲಿ ಒಂದಕ್ಕೆ.

ಹೊಲಿಗೆ ಸಡಿಲಾದ ಅಕ್ಕಿಮೂಟೆಯನ್ನು ನೆನೆಸಿಕೊಳ್ಳಿ. ಮೂಟೆಯನ್ನು ಎತ್ತಿದಾಗಲೆಲ್ಲ ಹೊಲಿಗೆ ಇನ್ನಷ್ಟು ಬಿಡುತ್ತದೆ, ಒಂದು ಹಿಡಿ ಅಕ್ಕಿ ನೆಲಕ್ಕೆ ಬೀಳುತ್ತದೆ. ಸ್ನಾಯು ಸಂಕುಚಿಸಿದಾಗಲೆಲ್ಲ ಡುಶೆನ್ ಮಗುವಿನ ಕೋಶಗಳಲ್ಲಿ ಆಗುವುದು ಇದೇ. ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಸಿಕೆ ಎಂದು ಲ್ಯಾಬ್‌ನವರು ಕರೆಯುವ ಕ್ರಿಯಾಟಿನ್ ಕೈನೇಸ್ ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿ ಇರಬೇಕಾದದ್ದು ಈ ಮಕ್ಕಳಲ್ಲಿ ಹತ್ತು ಸಾವಿರ ದಾಟಿರುತ್ತದೆ. ಅದು ನೆಲಕ್ಕೆ ಬಿದ್ದ ಅಕ್ಕಿ. ಕೊನೆಗೆ ಕೋಶಗಳ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತವೆ. ಮಗು ನೆಲದಿಂದ ಏಳುವಾಗ ಮೊದಲು ಕೈಯೂರಿ, ಆಮೇಲೆ ತನ್ನ ಮೊಣಕಾಲು, ತೊಡೆಗಳನ್ನೇ ಏಣಿಯ ಮೆಟ್ಟಿಲುಗಳಂತೆ ಹಿಡಿದು ತನ್ನ ಮೈಯನ್ನೇ ಹತ್ತಿ ನಿಲ್ಲುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಎಎಲ್ಎಸ್‌ನಂಥ ಮೋಟಾರ್ ನ್ಯೂರಾನ್ ಕಾಯಿಲೆಗಳಲ್ಲಿ ಇದರ ತಿರುವುಮುರುವು. ಅಲ್ಲಿ ಮೂಟೆಯ ಹೊಲಿಗೆ ಗಟ್ಟಿಯಾಗಿಯೇ ಇದೆ, ಎತ್ತುವ ಹಮಾಲಿ ಇಲ್ಲ. ಬೆನ್ನುಹುರಿಯಿಂದ ಸ್ನಾಯುವಿಗೆ ಆಜ್ಞೆ ಒಯ್ಯುವ ನರಕೋಶ ಸಾಯುತ್ತದೆ. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಈ ಒಂದು ವ್ಯತ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡರೆ ಎರಡು ಬೆಳಕುಗಳ ಕಥೆ ತಾನಾಗಿ ಬೇರ್ಪಡುತ್ತದೆ.

ಮೊದಲು ಕೆಂಪು ದೀಪ. ವೈದ್ಯಕೀಯದಲ್ಲಿ ಇದಕ್ಕೆ ಫೋಟೋಬಯೋಮಾಡ್ಯುಲೇಷನ್ ಎಂಬ ಭಾರವಾದ ಹೆಸರಿದೆ. ಇದು ಹುಟ್ಟಿದ್ದು ಒಂದು ತಪ್ಪಿದ ಗುರಿಯಿಂದ. 1960ರ ದಶಕದಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಇಲಿಗಳ ಗಡ್ಡೆಯನ್ನು ಮಾಣಿಕ್ಯದ ಲೇಸರಿನಿಂದ ಕರಗಿಸಲು ಹೊರಟಿದ್ದರು. ಲೇಸರಿಗೆ ಶಕ್ತಿ ಸಾಲದೆ ಗಡ್ಡೆ ಕರಗಲಿಲ್ಲ. ಆದರೆ ಬೋಳಿಸಿದ ಚರ್ಮದ ಮೇಲೆ ಕೂದಲು ಬೇಗ ಬೆಳೆಯಿತು. ಅಂದಿನಿಂದ ಇಂದಿನವರೆಗೆ ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕು, ಅಂದರೆ ಸುಮಾರು 600ರಿಂದ 1000 ನ್ಯಾನೋಮೀಟರ್ ಅಲೆಯುದ್ದದ್ದು, ಗಾಯ, ನೋವು, ಉರಿಯೂತಗಳ ಮೇಲೆ ಸಾವಿರಾರು ಪ್ರಯೋಗಗಳನ್ನು ಕಂಡಿದೆ. ಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಈ ಬೆಳಕನ್ನು ಹೀರಿ ಶಕ್ತಿಯ ತಯಾರಿಕೆಯನ್ನು ಚುರುಕುಗೊಳಿಸುತ್ತದೆ ಎಂಬುದು ಹೆಚ್ಚು ಚಾಲ್ತಿಯಲ್ಲಿರುವ ವಿವರಣೆ. ಎಲ್ಲರೂ ಅದನ್ನು ಒಪ್ಪಿಲ್ಲ.

ಕ್ಯಾನ್ಸರ್ ಚಿಕಿತ್ಸೆಯ ವೇಳೆ ಬಾಯೊಳಗೆ ಏಳುವ ಹುಣ್ಣುಗಳನ್ನು ತಡೆಯಲು ಇದೇ ಬೆಳಕನ್ನು ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಶಿಫಾರಸು ಮಾಡುತ್ತವೆ. ಅಲ್ಲಿ ಪುರಾವೆ ಗಟ್ಟಿ. ಅಲ್ಲೂ ಗಮನಿಸಿ: ಬಾಯಿಯ ಒಳಪದರ ತೆಳು, ದೀಪವನ್ನು ಅದಕ್ಕೇ ನೇರವಾಗಿ ಹಿಡಿಯಬಹುದು.

ಸ್ನಾಯುಕ್ಷಯಕ್ಕೆ ಬಂದರೆ, ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಅರ್ನೆಸ್ಟೊ ಲೀಲ್-ಜೂನಿಯರ್ ತಂಡ ಡಿಸ್ಟ್ರೊಫಿನ್ ಇಲ್ಲದ ಎಂಡಿಎಕ್ಸ್ ಎಂಬ ತಳಿಯ ಇಲಿಗಳ ಮೇಲೆ ಕೆಲಸ ಮಾಡಿತು. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವಕೆಂಪು ಲೇಸರ್ ಪಡೆದ ಇಲಿಗಳ ಸ್ನಾಯುಗಳಲ್ಲಿ ಹಾನಿಯೂ ಉರಿಯೂತವೂ ಕಡಿಮೆ ಇದ್ದವು. ಕೆಲಸ ಶ್ರದ್ಧೆಯದ್ದು, ಫಲಿತಾಂಶವೂ ಕುತೂಹಲಕರ. ಪಟ್ಟಿ ಮಾರುವವರು ತೋರಿಸುವುದು ಸಾಮಾನ್ಯವಾಗಿ ಇಂಥ ಚಿತ್ರಗಳನ್ನೇ.

ನನ್ನ ತಕರಾರು ಇಲಿಯ ಜೊತೆಗೆ. ಪ್ರಯೋಗಾಲಯದ ಇಲಿಯ ತೂಕ 25ರಿಂದ 30 ಗ್ರಾಂ, ಒಂದು ನಿಂಬೆಹಣ್ಣಿಗಿಂತ ಕಡಿಮೆ. ಅದರ ತೊಡೆಯ ದಪ್ಪ ಕೆಲವೇ ಮಿಲಿಮೀಟರ್. ಅಲ್ಲಿ ಬೆಳಕು ಈ ಕಡೆಯಿಂದ ಹೊಕ್ಕು ಆ ಕಡೆಗೂ ಇಣುಕುತ್ತದೆ. ಒಂಬತ್ತು ವರ್ಷದ ಹುಡುಗನ ತೊಡೆಯಲ್ಲಿ ಚರ್ಮ, ಅದರಡಿಯ ಕೊಬ್ಬು ದಾಟಿದ ಮೇಲೆ ಸ್ನಾಯು ಶುರುವಾಗುತ್ತದೆ, ಮತ್ತೆ ಹಲವು ಸೆಂಟಿಮೀಟರ್ ಮುಂದುವರಿಯುತ್ತದೆ. ಅರ್ಧ ಸೆಂಟಿಮೀಟರಿಗೊಮ್ಮೆ ಬೆಳಕು ಅರ್ಧಕ್ಕಿಳಿಯುತ್ತದೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಮೂರು ಸೆಂಟಿಮೀಟರ್ ಆಳದಲ್ಲಿ ಉಳಿಯುವುದು ಅರವತ್ತನಾಲ್ಕರಲ್ಲಿ ಒಂದು ಪಾಲು. ಹಾಗಾದರೆ ದೀಪದ ಶಕ್ತಿಯನ್ನು ಅರವತ್ತನಾಲ್ಕು ಪಟ್ಟು ಹೆಚ್ಚಿಸಬಹುದಲ್ಲ? ಚರ್ಮ ಸುಡುತ್ತದೆ. ಸುಡದಿದ್ದರೂ, ಈ ಚಿಕಿತ್ಸೆಯಲ್ಲಿ ಪ್ರಮಾಣ ಹೆಚ್ಚಾದರೆ ಪರಿಣಾಮ ಮೊದಲು ಶೂನ್ಯಕ್ಕೆ ಬಂದು ಆಮೇಲೆ ಉಲ್ಟಾ ಹೊಡೆಯುತ್ತದೆ ಎಂಬುದನ್ನು ಅದರ ಪರವಾಗಿರುವವರೇ ಬರೆಯುತ್ತಾರೆ. ನಮ್ಮ ಕಂದು ಚರ್ಮದ ಮೆಲನಿನ್ ದಾರಿಯಲ್ಲೇ ಇನ್ನಷ್ಟು ಬೆಳಕನ್ನು ಹೀರುತ್ತದೆ. ಬಿಳಿ ಚರ್ಮಕ್ಕೆ ಗೊತ್ತುಮಾಡಿದ ಪ್ರಮಾಣವನ್ನು ಹಾಗೆಯೇ ಇಲ್ಲಿಗೆ ತರುವಂತಿಲ್ಲ.

ಎಂಡಿಎಕ್ಸ್ ಇಲಿಗೆ ಇನ್ನೊಂದು ಗುಣವಿದೆ. ಡಿಸ್ಟ್ರೊಫಿನ್ ಇಲ್ಲದಿದ್ದರೂ ಅದು ಪಂಜರದಲ್ಲಿ ಆರಾಮವಾಗಿ ಓಡಾಡಿಕೊಂಡಿರುತ್ತದೆ. ಹುಟ್ಟಿದ ಕೆಲ ವಾರಗಳಿಗೆ ಅದರ ಸ್ನಾಯುಗಳಲ್ಲಿ ದೊಡ್ಡ ಹಾನಿಯಾಗುತ್ತದೆ, ಆದರೆ ಕಾಲುಗಳ ಸ್ನಾಯು ಬಹುಮಟ್ಟಿಗೆ ಮತ್ತೆ ಬೆಳೆದು ಚೇತರಿಸಿಕೊಳ್ಳುತ್ತದೆ. ಮನುಷ್ಯನ ಮಗುವಿಗೆ ಆ ಭಾಗ್ಯವಿಲ್ಲ. ತಾನೇ ಚೇತರಿಸಿಕೊಳ್ಳಬಲ್ಲ ಕಾಲಿಗೆ ದೀಪ ಹಿಡಿದು ‘ಚೇತರಿಸಿತು’ ಎನ್ನುವಾಗ ಸ್ವಲ್ಪ ತಡೆಯಬೇಕು. ಇಲಿಯಲ್ಲೂ ಮಗುವಿನಷ್ಟೇ ಕೆಡುವ ಸ್ನಾಯುವೆಂದರೆ ಉಸಿರಾಟದ ವಪೆ. ಡುಶೆನ್ ರೋಗಿಗಳನ್ನು ಕೊನೆಗೆ ಕಾಡುವುದೂ ಅದೇ, ಜೊತೆಗೆ ಹೃದಯ. ತೊಡೆಗೆ ಸುತ್ತಿದ ಪಟ್ಟಿ ಇವೆರಡರ ಹತ್ತಿರವೂ ಸುಳಿಯುವುದಿಲ್ಲ.

“ಆದರೆ ಉಪಯೋಗಿಸಿದವರು ಒಳ್ಳೆಯದಾಯಿತು ಎನ್ನುತ್ತಾರಲ್ಲ?” ನನ್ನ ಸಹೋದ್ಯೋಗಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಹಾಗೆನ್ನುವವರು ಸುಳ್ಳು ಹೇಳುತ್ತಿಲ್ಲ. ಡುಶೆನ್ ಮಕ್ಕಳು ನಾಲ್ಕರಿಂದ ಆರೇಳು ವರ್ಷದವರೆಗೆ ಎಷ್ಟೋ ಸಲ ನಿಜವಾಗಿಯೂ ಸುಧಾರಿಸುತ್ತಾರೆ. ಮಗು ಬೆಳೆಯುವ ವೇಗ ಕಾಯಿಲೆಯ ವೇಗವನ್ನು ಸ್ವಲ್ಪ ಕಾಲ ಹಿಂದಿಕ್ಕಿರುತ್ತದೆ. ಅದೇ ವಯಸ್ಸಿನಲ್ಲಿ ಸ್ಟೀರಾಯ್ಡ್ ಮಾತ್ರೆಯನ್ನೂ ಶುರುಮಾಡಿರುತ್ತಾರೆ. ಆ ಹೊತ್ತಿಗೆ ಮನೆಗೆ ಬಂದ ದೀಪಕ್ಕೆ ಪುಕ್ಕಟೆ ಹೆಸರು. ಸಿಕೆ ಅಂಕಿ ಇನ್ನೂ ಮೋಸದ್ದು. ‘ಮೂರು ತಿಂಗಳಲ್ಲಿ ಸಿಕೆ ಇಷ್ಟು ಇಳಿಯಿತು’ ಎಂದು ವರದಿಯ ಚಿತ್ರ ಹಾಕುತ್ತಾರೆ. ಮಗು ಓಡಾಟ ಕಡಿಮೆ ಮಾಡಿದರೂ ಸಿಕೆ ಇಳಿಯುತ್ತದೆ. ಸ್ನಾಯುವೇ ಸವೆದು ಕಡಿಮೆಯಾದಾಗಲೂ ಇಳಿಯುತ್ತದೆ. ನೆಲಕ್ಕೆ ಬೀಳುವ ಅಕ್ಕಿ ಕಡಿಮೆಯಾಗಿದೆ ಎಂದರೆ ಹೊಲಿಗೆ ಸರಿಯಾಗಿರಬಹುದು, ಮೂಟೆ ಬರಿದಾಗಿಯೂ ಇರಬಹುದು.

ಹಾಗಾಗಿ ವೈದ್ಯರು ನಂಬುವುದು ಬೇರೆ ಅಳತೆಗಳನ್ನು: ನೆಲದಿಂದ ಏಳಲು ಎಷ್ಟು ಸೆಕೆಂಡ್, ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡಿಗೆ, ಒಂದೇ ಉಸಿರಿನಲ್ಲಿ ಎಷ್ಟು ಗಾಳಿ. ಅದೂ ದೀಪ ಹಚ್ಚಿದವರು ಮತ್ತು ಹಚ್ಚಿದಂತೆ ನಟಿಸಿದವರು ಎಂಬ ಎರಡು ಗುಂಪುಗಳ ನಡುವೆ ಹೋಲಿಸಬೇಕು. ಈ ಕಾಯಿಲೆಯಲ್ಲಿ ಆ ಪರೀಕ್ಷೆ ದಾಟಿ ಕೆಂಪು ದೀಪ ಚಿಕಿತ್ಸೆಗಳ ಸಾಲಿಗೆ ಸೇರಿಲ್ಲ.

ಇನ್ನು ನೀಲಿ ದೀಪ, ಅಂದರೆ ಎಂಐಟಿಯ ಸುದ್ದಿ. ಇದರ ಮೂಲ ಕೆರೆಯ ಪಾಚಿಯಲ್ಲಿದೆ. ಕ್ಲಮಿಡೊಮೊನಸ್ ಎಂಬ ಒಂಟಿಕೋಶದ ಪಾಚಿ ಬೆಳಕಿನತ್ತ ಈಜುವುದು ಚಾನೆಲ್‌ರೊಡಾಪ್ಸಿನ್ ಎಂಬ ಪ್ರೋಟೀನಿನ ನೆರವಿನಿಂದ. ನೀಲಿ ಬೆಳಕು ಬಿದ್ದೊಡನೆ ಅದು ಕೋಶದ ಗೋಡೆಯಲ್ಲಿ ಬಾಗಿಲು ತೆರೆದು ವಿದ್ಯುದಂಶವಿರುವ ಕಣಗಳನ್ನು ಒಳಬಿಡುತ್ತದೆ. 2005ರಲ್ಲಿ ಸ್ಟ್ಯಾನ್‌ಫರ್ಡಿನ ಕಾರ್ಲ್ ಡೈಸರಾತ್, ಎಡ್ ಬಾಯ್ಡನ್ ಮತ್ತು ಸಂಗಡಿಗರು ಆ ಪ್ರೋಟೀನಿನ ಜೀನನ್ನು ನರಕೋಶಕ್ಕೆ ಸೇರಿಸಿ, ಬೆಳಕಿನ ಮಿಣುಕಿಗೆ ತಕ್ಕಂತೆ ನರ ಮಿಡಿಯುವುದನ್ನು ತೋರಿಸಿದರು. ಆಪ್ಟೊಜೆನೆಟಿಕ್ಸ್ ಎಂಬ ಶಾಖೆ ಹುಟ್ಟಿದ್ದು ಹೀಗೆ. ಇಲ್ಲಿ ಬೆಳಕು ಔಷಧವಲ್ಲ, ಸ್ವಿಚ್ಚು. ಸ್ವಿಚ್ಚು ಕೆಲಸ ಮಾಡಬೇಕಾದರೆ ಮೊದಲು ಪಾಚಿಯ ಜೀನು ದೇಹದೊಳಗೆ ಕೂತಿರಬೇಕು. ಮಾಮೂಲಿ ಮನುಷ್ಯನ ಕಾಲಿಗೆ ಎಷ್ಟು ನೀಲಿ ಬೆಳಕು ಬಿಟ್ಟರೂ ಒಂದು ಎಳೆಯೂ ಅಲುಗುವುದಿಲ್ಲ.

ನಿತ್ರಾಣವಾದ ಸ್ನಾಯುವನ್ನು ಕುಣಿಸಲು ವಿದ್ಯುತ್ ಇದೆಯಲ್ಲ, ಬೆಳಕೇಕೆ? ಫಿಸಿಯೋಥೆರಪಿ ಕೋಣೆಯಲ್ಲಿ ಕರೆಂಟ್ ಹಿಡಿಸಿಕೊಂಡವರಿಗೆ ಗೊತ್ತು, ಸ್ನಾಯು ಒರಟಾಗಿ ಎಗರುತ್ತದೆ, ಬೇಗ ಸೋಲುತ್ತದೆ. ನಾವು ಪೆನ್ನು ಎತ್ತುವಾಗ ದೇಹ ಮೊದಲು ಸಣ್ಣ, ದಣಿಯದ ಎಳೆಗಳನ್ನು ಕರೆಯುತ್ತದೆ. ಭಾರ ಹೆಚ್ಚಾದಂತೆ ದೊಡ್ಡ ಎಳೆಗಳು ಸೇರಿಕೊಳ್ಳುತ್ತವೆ. ಹೊರಗಿನಿಂದ ಕೊಟ್ಟ ವಿದ್ಯುತ್ತು ಈ ಸರದಿಯನ್ನು ಕೆಡಿಸಿ, ಬೇಗ ದಣಿಯುವ ದೊಡ್ಡವನ್ನೇ ಮೊದಲು ಎಬ್ಬಿಸುತ್ತದೆ. ಬೆಳಕು ಸಹಜ ಸರದಿಗೆ ಹತ್ತಿರವಾಗಿ ನಡೆಯುತ್ತದೆ ಎಂದು 2010ರಲ್ಲೇ ಸ್ಟ್ಯಾನ್‌ಫರ್ಡಿನಲ್ಲಿ ಇಲಿಗಳ ಮೇಲೆ ಕಂಡುಬಂದಿತ್ತು. ಎಂಐಟಿಯ ಹ್ಯೂ ಹರ್ ತಂಡ 2024ರಲ್ಲಿ ಮುಂದಿನ ಹೆಜ್ಜೆ ಇಟ್ಟಿತು. ಹರ್ ಅವರಿಗೆ ಎರಡೂ ಕಾಲು ಇಲ್ಲ. ಹದಿಹರೆಯದಲ್ಲಿ ಪರ್ವತಾರೋಹಣಕ್ಕೆ ಹೋಗಿ ಹಿಮಕ್ಕೆ ಸಿಕ್ಕಿ ಕಳೆದುಕೊಂಡವರು, ಈಗ ತಾವೇ ರೂಪಿಸಿದ ಕಾಲುಗಳಲ್ಲಿ ನಡೆಯುತ್ತಾರೆ. ಅವರ ತಂಡ ಕಾಲಿನ ನರದ ಬಳಿ ಸಣ್ಣ ದೀಪ ಕೂರಿಸಿದಾಗ ಇಲಿಯ ಸ್ನಾಯು ಒಂದು ಗಂಟೆಗೂ ಹೆಚ್ಚು ಹೊತ್ತು ದುಡಿಯಿತು. ವಿದ್ಯುತ್ತಿನಲ್ಲಿ 15 ನಿಮಿಷಕ್ಕೇ ಸುಸ್ತು. ಆ ಇಲಿಗಳ ಮೈಯಲ್ಲಿ ಪಾಚಿಯ ಜೀನು ಮೊದಲೇ ಇತ್ತು. ಜಾಹೀರಾತು ಬಿಟ್ಟದ್ದು ಈ ಒಂದು ವಾಕ್ಯವನ್ನು.

ಈಗ ಮೂಟೆಗೆ ಮರಳಿ ಬನ್ನಿ. ಸ್ವಿಚ್ಚು ಯಾರಿಗೆ ಬೇಕು? ಹಮಾಲಿ ಇಲ್ಲದವರಿಗೆ. ಹೊಲಿಗೆ ಬಿಟ್ಟ ಮೂಟೆಯನ್ನು ಗಂಟೆಗಟ್ಟಲೆ ಎತ್ತಿ ಇಳಿಸಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಡುಶೆನ್ ಮಕ್ಕಳಿಗೆ ಮೈಮುರಿಯುವ ಕಸರತ್ತು ಬೇಡ ಎಂದು ಫಿಸಿಯೋಥೆರಪಿಯವರು ಎಚ್ಚರಿಸುವುದು ಇದಕ್ಕಾಗಿಯೇ. ನರ ಚೆನ್ನಾಗಿಯೇ ಇರುವ ಮಗುವಿಗೆ ನರಕ್ಕೊಂದು ಸ್ವಿಚ್ಚು ಜೋಡಿಸುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಎಎಲ್ಎಸ್ ವಿಷಯದಲ್ಲಿ ಲೆಕ್ಕ ಕೂಡುತ್ತದೆ. 2014ರಲ್ಲಿ ಲಂಡನ್ನಿನ ಲಿಂಡಾ ಗ್ರೀನ್‌ಸ್ಮಿತ್ ಮತ್ತು ಇವೊ ಲೀಬರಮ್ ಅವರ ತಂಡಗಳು ಆಕರಕೋಶಗಳಿಂದ (ಸ್ಟೆಮ್ ಸೆಲ್) ಬೆಳೆಸಿದ, ಬೆಳಕಿಗೆ ಓಗೊಡುವ ನರಕೋಶಗಳನ್ನು ಇಲಿಯ ಕಾಲಿನ ನರದೊಳಗೆ ನೆಟ್ಟವು. ಅವು ಕೆಲ ವಾರಗಳಲ್ಲಿ ಎಳೆ ಚಾಚಿ ಸ್ನಾಯುವನ್ನು ತಲುಪಿದವು. ನೀಲಿ ಬೆಳಕು ಮಿಣುಕಿಸಿದರೆ ಕಾಲು ಅಲುಗಿತು. ಬೆನ್ನುಹುರಿಯನ್ನು ಮುಟ್ಟದೆ ಹೊರವಲಯದಲ್ಲೇ ಹೊಸ ಹಮಾಲಿಯನ್ನು ನೇಮಿಸಿದಂತೆ. 2015ರಲ್ಲಿ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದವರು ನರವನ್ನೇ ಬಿಟ್ಟು, ಸ್ನಾಯುವಿನಲ್ಲೇ ಆ ಪ್ರೋಟೀನು ಇರುವ ಇಲಿಗಳ ನರ ಕತ್ತರಿಸಿ ದಿನವೂ ಬೆಳಕು ಕೊಟ್ಟರು. ಸ್ನಾಯು ಸೊರಗುವುದು ಕಡಿಮೆಯಾಯಿತು. ಅದೇ ವರ್ಷ ಜರ್ಮನಿಯ ಬಾನ್‌ನವರು ಇಲಿಯ ಧ್ವನಿಪೆಟ್ಟಿಗೆಯ ಸಣ್ಣ ಸ್ನಾಯುಗಳನ್ನು ಬೆಳಕಿನಿಂದ ತೆರೆದು ಮುಚ್ಚಿದರು.

ಮನುಷ್ಯರಲ್ಲಿ ಆಪ್ಟೊಜೆನೆಟಿಕ್ಸ್ ಕೆಲಸ ಮಾಡಿದ್ದು ಕಣ್ಣಿನಲ್ಲಿ. ರೆಟಿನಾ ಸವೆದು ಕುರುಡಾಗಿದ್ದ 58 ವರ್ಷದ ವ್ಯಕ್ತಿಯೊಬ್ಬರು ವಿಶೇಷ ಕನ್ನಡಕ ಹಾಕಿಕೊಂಡು ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿ ಮುಟ್ಟಿದರೆಂದು 2021ರಲ್ಲಿ ವರದಿಯಾಯಿತು. ಕಣ್ಣು ಪಾರದರ್ಶಕ, ಚಿಕ್ಕದು, ದೇಹದ ರಕ್ಷಣಾಪಡೆ ಅಲ್ಲಿ ಸ್ವಲ್ಪ ಸೌಮ್ಯ. ಕಾಲಿನ ನರದಲ್ಲಿ ಈ ಮೂರೂ ಅನುಕೂಲಗಳಿಲ್ಲ. ನೀಲಿ ಬೆಳಕು ಚರ್ಮ ದಾಟುವುದಿಲ್ಲ, ನೀವು ಟಾರ್ಚಿನಲ್ಲಿ ನೋಡಿದ್ದೇ. ಹಾಗಾಗಿ ದೀಪವನ್ನು ಶಸ್ತ್ರಚಿಕಿತ್ಸೆಯಿಂದ ಒಳಗಿಡಬೇಕು. ಅದಕ್ಕಿಂತ ದೊಡ್ಡ ಅಡ್ಡಿ, ದೇಹ ಪಾಚಿಯ ಪ್ರೋಟೀನನ್ನು ಹೊರಗಿನವನೆಂದು ಗುರುತಿಸಿ ಓಡಿಸುವುದು. ಎಂಐಟಿಯವರೇ 2018ರಲ್ಲಿ ವೈರಸ್ ಮೂಲಕ ಜೀನು ಸೇರಿಸಿದ ಇಲಿಗಳಲ್ಲಿ ಇದನ್ನು ಕಂಡರು: ಕೆಲವು ವಾರ ಚೆನ್ನಾಗಿ ಓಗೊಟ್ಟ ಸ್ನಾಯು ಆಮೇಲೆ ಮೌನವಾಯಿತು, ರಕ್ತದಲ್ಲಿ ಪ್ರತಿಕಾಯಗಳು ಸಿಕ್ಕವು.

ಜೀನು ಒಯ್ಯುವ ಎಎವಿ ವೈರಸ್ಸಿನ ವಿಷಯದಲ್ಲಿ ಡುಶೆನ್ ಕುಟುಂಬಗಳು ಈಗಾಗಲೇ ಒಂದು ಕಹಿ ಪಾಠ ಕಂಡಿವೆ. ಡಿಸ್ಟ್ರೊಫಿನ್ನಿನ ಚಿಕ್ಕ ರೂಪವನ್ನು ಅದೇ ವೈರಸ್ಸಿನಲ್ಲಿ ಇಡೀ ದೇಹಕ್ಕೆ ಹಂಚುವ ಎಲೆವಿಡಿಸ್ ಎಂಬ ಔಷಧಕ್ಕೆ ಅಮೆರಿಕ 2023ರಲ್ಲಿ ಅನುಮತಿ ಕೊಟ್ಟಿತು. ಬೆಲೆ 32 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 26 ಕೋಟಿ ರೂಪಾಯಿ. ನಡೆಯಲಾಗದ ಇಬ್ಬರು ಹುಡುಗರು ಔಷಧ ಪಡೆದ ಮೇಲೆ ಯಕೃತ್ತು ಕೈಕೊಟ್ಟು ತೀರಿಕೊಂಡರು. 2025ರಲ್ಲಿ ಬಳಕೆಯನ್ನು ನಡೆಯಬಲ್ಲವರಿಗಷ್ಟೇ ಸೀಮಿತಗೊಳಿಸಲಾಯಿತು. ಒಂದೇ ನರಕ್ಕೆ ಕೊಡುವ ಚುಚ್ಚುಮದ್ದಿಗೆ ಇಷ್ಟು ವೈರಸ್ ಬೇಕಾಗುವುದಿಲ್ಲ ಎಂಬುದು ಆಪ್ಟೊಜೆನೆಟಿಕ್ಸ್‌ಗೆ ಇರುವ ಒಂದು ಅನುಕೂಲ.

ಹಾಗಾದರೆ ಈ ನೀಲಿ ದೀಪ ಎಂದಾದರೂ ಆಸ್ಪತ್ರೆಗೆ ಬಂದರೆ ಮೊದಲು ಯಾರಿಗೆ ಹೊಂದೀತು? ಎಎಲ್ಎಸ್‌ನಲ್ಲಿ ಕಾಯಿಲೆ ಒಂದು ಕಡೆ ನಿಲ್ಲುವುದಿಲ್ಲ; ಕೈಗೆ ದೀಪ ಕೂರಿಸುವಷ್ಟರಲ್ಲಿ ಉಸಿರಿಗೆ ಬಂದಿರುತ್ತದೆ. ನನ್ನ ಊಹೆ ನಮ್ಮ ಊರಿನ ಒಂದು ಕಾಯಿಲೆಯ ಕಡೆಗೆ ವಾಲುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿ ದೇವಿ ಮತ್ತು ಸಂಗಡಿಗರು 1984ರಲ್ಲಿ ‘ಮೊನೊಮೆಲಿಕ್ ಅಮಯೊಟ್ರೊಫಿ’ ಎಂದು ಹೆಸರಿಟ್ಟು ವಿವರಿಸಿದ ಸ್ಥಿತಿ ಅದು. ಹೆಚ್ಚಾಗಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಗಂಡುಮಕ್ಕಳಿಗೆ ಒಂದು ಕೈ ಅಥವಾ ಒಂದು ಕಾಲು ಮಾತ್ರ ಸೊರಗುತ್ತದೆ. ಕೆಲವು ವರ್ಷ ಮುಂದುವರಿದು, ಆಮೇಲೆ ತಾನಾಗಿ ನಿಲ್ಲುತ್ತದೆ. ಆಯುಸ್ಸಿಗೆ ಕುತ್ತಿಲ್ಲ, ಆದರೆ ಅಂಗಿಯ ಗುಂಡಿ ಹಾಕುವುದೂ ಬೀಗದ ಕೈ ತಿರುಗಿಸುವುದೂ ಜೀವನಪೂರ್ತಿ ಕಷ್ಟ. ಒಂದೇ ಅಂಗ, ನಿಂತ ಕಾಯಿಲೆ, ಮುಂದೆ ದೀರ್ಘ ಬದುಕು: ಸ್ವಿಚ್ಚಿಗೆ ಇದಕ್ಕಿಂತ ಹೊಂದುವ ಜಾಗ ನನಗೆ ಕಾಣುವುದಿಲ್ಲ. ಆದರೂ ಪ್ರಯೋಗಗಳ ಕಣ್ಣೆಲ್ಲ ದೊಡ್ಡ ಹೆಸರಿನ ಕಾಯಿಲೆಗಳ ಮೇಲಿದೆ.

ಸಹೋದ್ಯೋಗಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ, ಸ್ವಲ್ಪ ಗಡಿಬಿಡಿಯಲ್ಲೇ. ಕೊಳ್ಳಬೇಡಿ ಎಂದೆ. ಒಂದು ಗಳಿಗೆ ಸುಮ್ಮನಿದ್ದರು. ಏನೂ ಮಾಡದೆ ಕೂರುವುದೇ ಎಂಬ ಪ್ರಶ್ನೆ ಆ ಮೌನದಲ್ಲಿತ್ತು. ಅವರು ಕೂತಿಲ್ಲ ಎಂಬುದು ನನಗೆ ಗೊತ್ತು. ಸ್ಟೀರಾಯ್ಡ್ ತಪ್ಪಿಸಿಲ್ಲ, ಹೃದಯದ ಎಕೋ ಬಿಟ್ಟಿಲ್ಲ, ದಿನವೂ ಬೆಳಿಗ್ಗೆ ಮಗನ ಹಿಮ್ಮಡಿ ಹಿಡಿದು ಪಾದವನ್ನು ಮೇಲಕ್ಕೆ ಒತ್ತಿ ಮೂವತ್ತರವರೆಗೆ ಎಣಿಸುತ್ತಾರೆ. ಹದಿಹರೆಯದ ಕೊನೆಗೆ ಮುಗಿಯುತ್ತಿದ್ದ ಡುಶೆನ್ ಬದುಕನ್ನು ಮೂವತ್ತರ ಹತ್ತಿರಕ್ಕೂ ಆಚೆಗೂ ಒಯ್ದಿರುವುದು ಇಂಥ ಬೇಸರದ ಕೆಲಸಗಳು ಮತ್ತು ರಾತ್ರಿ ಉಸಿರಿಗೆ ನೆರವಾಗುವ ಯಂತ್ರ.

ಪಟ್ಟಿಯ ಬೆಲೆ ಕೇಳಿದೆ. ಆ ದುಡ್ಡಿಗೆ ರಾತ್ರಿ ಪಾದಕ್ಕೆ ಹಾಕುವ ಸ್ಪ್ಲಿಂಟ್ ಎರಡು ಜೊತೆ ಬರುತ್ತವಂತೆ. ಮಗನ ಕಾಲು ಬೆಳೆದು ಹಳೆಯ ಜೊತೆ ಹೆಬ್ಬೆರಳ ಬುಡದಲ್ಲಿ ಒತ್ತುತ್ತಿದೆ, ಕೆಂಪಗೆ ಗುರುತು ಬಿದ್ದಿದೆ ಎಂದರು. ಸೋಮವಾರ ಅಳತೆ ಕೊಡಲು ಕರೆದುಕೊಂಡು ಹೋಗುತ್ತಾರೆ.